ಸಂಬಳ ವಾಷಿಂಗ್ಟನ್‌ನಲ್ಲಿ, ರಜೆ ಊರಿನಲ್ಲಿ: ಅಮೆರಿಕದ ಅಂಚೆ ಯೂನಿಯನ್ ಲೋಕಲ್ ಮಾಡುವುದಾದರೂ ಏನು?

ಅಮೆರಿಕದ ಅಂಚೆ ನೌಕರರು ಮುಷ್ಕರ ಮಾಡುವ ಹಾಗಿಲ್ಲ. ಮಾಡಿದರೆ ಕೆಲಸ ಹೋಗಬಹುದು. ಕಾನೂನು ಬಿಗಿ ಮಾಡಿದರೆ ಒಂದು ವರ್ಷ ಒಂದು ದಿನದವರೆಗೆ ಜೈಲೂ ಆಗಬಹುದು. ಇನ್ನು ಸಂಬಳ ಎಷ್ಟು ಏರಬೇಕು ಅನ್ನುವುದು ಅವರ ಊರಿನ ಅಂಚೆ ಕಚೇರಿಯಲ್ಲಿ ತೀರ್ಮಾನವಾಗುವುದೂ ಇಲ್ಲ. ಅದು ರಾಷ್ಟ್ರಮಟ್ಟದ ನಾಯಕರು ಮತ್ತು ಅಂಚೆ ಸಂಸ್ಥೆಯ ಮೇಲಧಿಕಾರಿಗಳು ಎದುರು ಬದುರು ಕೂತು ಮುಗಿಸುವ ವ್ಯವಹಾರ.

ಹಾಗಿದ್ದರೆ ಊರೂರಲ್ಲಿ ಇರುವ ಯೂನಿಯನ್ ಲೋಕಲ್‌ಗಳು ಒಪ್ಪಂದದ ಮಾತುಕತೆ ನಡೆಯುವಾಗ ಏನು ಮಾಡುತ್ತವೆ? ಸುಮ್ನೆ ಫೋನಿಗಾಗಿ ಕಾಯುತ್ತಾ ಕೂರುತ್ತವಾ? ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಆದರೆ ನೌಕರರ ದಿನನಿತ್ಯದ ಬದುಕನ್ನು ಮುಟ್ಟುವ ಬಹಳಷ್ಟು ವಿಷಯ ಇತ್ಯರ್ಥವಾಗುವುದು ಈ ಕೆಳಹಂತದಲ್ಲೇ. ಅಷ್ಟೇ ಅಲ್ಲ, ಈಗಿನ ಇಡೀ ವ್ಯವಸ್ಥೆ ಹುಟ್ಟಿದ್ದೇ ಒಂದು ಸ್ಥಳೀಯ ಘಟಕದ ಹಟದಿಂದ.

ಯಾರು ಯಾರು ಇದ್ದಾರೆ

ಯುನೈಟೆಡ್ ಸ್ಟೇಟ್ಸ್ ಪೋಸ್ಟಲ್ ಸರ್ವಿಸ್‌ನಲ್ಲಿ 6 ಲಕ್ಷಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಾರೆ. ಎಲ್ಲರಿಗೂ ಸೇರಿ ಒಂದೇ ಯೂನಿಯನ್ ಇಲ್ಲ, ದೊಡ್ಡವು ನಾಲ್ಕಿವೆ. ಕೌಂಟರ್‌ನಲ್ಲಿ ಕೂರುವ, ಟಪಾಲು ವಿಂಗಡಿಸುವ ಗುಮಾಸ್ತರು, ಯಂತ್ರ ರಿಪೇರಿಯವರು, ಅಂಚೆ ಲಾರಿ ಓಡಿಸುವವರು, ಇವರೆಲ್ಲ ಅಮೆರಿಕನ್ ಪೋಸ್ಟಲ್ ವರ್ಕರ್ಸ್ ಯೂನಿಯನ್, ಅಂದರೆ ಎಪಿಡಬ್ಲ್ಯುಯು ಕಡೆ. ನಗರಗಳಲ್ಲಿ ಮನೆಮನೆಗೆ ಟಪಾಲು ಹಂಚುವವರದ್ದು ನ್ಯಾಷನಲ್ ಅಸೋಸಿಯೇಷನ್ ಆಫ್ ಲೆಟರ್ ಕ್ಯಾರಿಯರ್ಸ್, ಎನ್‌ಎಎಲ್‌ಸಿ. ಹಳ್ಳಿ ಕಡೆಯ ಅಂಚೆಯವರಿಗೆ ಒಂದು, ಮೂಟೆ ಮತ್ತು ತಳ್ಳುಗಾಡಿಗಳನ್ನು ಸಾಗಿಸುವ ಮೇಲ್ ಹ್ಯಾಂಡ್ಲರ್‌ಗಳಿಗೆ ಇನ್ನೊಂದು. ನಾಲ್ಕಕ್ಕೂ ಬೇರೆ ಬೇರೆ ಒಪ್ಪಂದ, ಬೇರೆ ಬೇರೆ ಅವಧಿ. ಒಂದೇ ಕಟ್ಟಡದಲ್ಲಿ ಪಕ್ಕಪಕ್ಕದಲ್ಲಿ ನಿಂತ ಇಬ್ಬರಲ್ಲಿ ಒಬ್ಬರಿಗೆ ಹೊಸ ಒಪ್ಪಂದ ಸಿಕ್ಕಿ, ಇನ್ನೊಬ್ಬರು ವರ್ಷಗಟ್ಟಲೆ ಕಾಯುತ್ತಿರಬಹುದು.

ಒಂದು ಊರಿನ, ಅಥವಾ ಅಕ್ಕಪಕ್ಕದ ಹಲವು ಕಚೇರಿಗಳ ಸದಸ್ಯರು ಸೇರಿದ ಘಟಕವೇ ಲೋಕಲ್. ಎನ್‌ಎಎಲ್‌ಸಿಯವರು ಅದನ್ನೇ ಬ್ರಾಂಚ್ ಅನ್ನುತ್ತಾರೆ. ಅದಕ್ಕೊಬ್ಬ ಅಧ್ಯಕ್ಷ, ಒಬ್ಬ ಖಜಾಂಚಿ, ಕೆಲಸದ ಜಾಗದಲ್ಲೇ ಇರುವ ಒಂದಷ್ಟು ಸ್ಟೀವರ್ಡ್‌ಗಳು ಅಂದರೆ ಯೂನಿಯನ್ ಪ್ರತಿನಿಧಿಗಳು, ಆಗಾಗ ಒಂದು ಸದಸ್ಯರ ಸಭೆ. ಸಣ್ಣ ಲೋಕಲ್‌ಗಳಲ್ಲಿ ಅಧ್ಯಕ್ಷರೇ ಬೆಳಿಗ್ಗೆ ಟಪಾಲು ವಿಂಗಡಿಸಿ, ಸಂಜೆ ಯೂನಿಯನ್ ಕಾಗದಪತ್ರ ನೋಡುತ್ತಾರೆ.

ಯೂನಿಯನ್ ಸೇರಲೇಬೇಕು ಅಂತ ಯಾರಿಗೂ ಕಡ್ಡಾಯವಿಲ್ಲ. ಚಂದಾ ಕೊಡದವನಿಗೂ ಒಪ್ಪಂದದ ಎಲ್ಲ ಲಾಭ ಸಿಗುತ್ತದೆ. ಅವನ ಮೇಲೆ ಶಿಸ್ತುಕ್ರಮ ಬಂದರೆ ಯೂನಿಯನ್ ಅವನ ಪರವಾಗಿಯೂ ವಾದಿಸಲೇಬೇಕು, ಕಾನೂನೇ ಹಾಗಿದೆ. ಅವನಿಗೆ ಮುಖ್ಯವಾಗಿ ಸಿಗದೇ ಇರುವುದು: ಒಪ್ಪಂದಕ್ಕೆ ಹೂಂ ಅನ್ನುವ, ಊಹೂಂ ಅನ್ನುವ ಓಟು.

1970ರ ಮಾರ್ಚ್

1970ರವರೆಗೆ ಅಂಚೆ ಇಲಾಖೆ ನೇರವಾಗಿ ಸರ್ಕಾರದ ಕೈಯಲ್ಲಿತ್ತು. ಸಂಬಳ ಏರಬೇಕಾದರೆ ಅಲ್ಲಿನ ಸಂಸತ್ತು ಮನಸ್ಸು ಮಾಡಬೇಕಿತ್ತು. 1962ರಲ್ಲಿ ಅಧ್ಯಕ್ಷ ಕೆನಡಿ ಒಂದು ಆದೇಶ ಹೊರಡಿಸಿ ಸರ್ಕಾರಿ ನೌಕರರ ಯೂನಿಯನ್‌ಗಳಿಗೆ ಮಾತುಕತೆಯ ಹಕ್ಕು ಕೊಟ್ಟರು. ಆದರೆ ಸಂಬಳದ ಮಾತು ಮಾತ್ರ ಎತ್ತುವ ಹಾಗಿರಲಿಲ್ಲ. ಯೂನಿಯನ್ ನಾಯಕರು ಸಂಸತ್ತಿನ ಬಾಗಿಲಲ್ಲಿ ಕಾದು ಕೂರುವುದನ್ನು ನೌಕರರೇ ಭಿಕ್ಷೆ ಎತ್ತುವುದು ಅಂತ ಆಡಿಕೊಳ್ಳುತ್ತಿದ್ದರು.

ಆಗ ಹೊಸದಾಗಿ ಸೇರಿದ ಪೋಸ್ಟ್‌ಮ್ಯಾನ್‌ಗೆ ವರ್ಷಕ್ಕೆ 6,176 ಡಾಲರ್. ಕೊನೆಯ ಮೆಟ್ಟಿಲಿನ 8,442 ಡಾಲರ್ ಮುಟ್ಟಲು 21 ವರ್ಷ ದುಡಿಯಬೇಕು. ನ್ಯೂಯಾರ್ಕ್‌ನಂತಹ ದುಬಾರಿ ಊರಲ್ಲಿ ಪೂರ್ಣಾವಧಿ ಕೆಲಸವಿದ್ದೂ ಕೆಲವು ಅಂಚೆ ಕುಟುಂಬಗಳು ಬಡವರಿಗೆ ಸರ್ಕಾರ ಕೊಡುವ ನೆರವಿಗೆ ಅರ್ಹವಾಗಿದ್ದವು. ಅಷ್ಟರಲ್ಲಿ 1969ರಲ್ಲಿ ಸಂಸತ್ತಿನ ಸದಸ್ಯರು ತಮ್ಮ ಸಂಬಳವನ್ನು ನೂರಕ್ಕೆ 41ರಷ್ಟು ಏರಿಸಿಕೊಂಡರು. ಅಂಚೆಯವರ ಮುಂದೆ ಇಟ್ಟಿದ್ದು ನೂರಕ್ಕೆ 5.4. ಸಿಟ್ಟು ಬರದೇ ಇರುತ್ತಾ?

ಮಾರ್ಚ್ 17ರ ರಾತ್ರಿ ಎನ್‌ಎಎಲ್‌ಸಿಯ ಬ್ರಾಂಚ್ 36, ಅಂದರೆ ಮ್ಯಾನ್‌ಹಟನ್ ಮತ್ತು ಬ್ರಾಂಕ್ಸ್‌ನ ಪೋಸ್ಟ್‌ಮ್ಯಾನ್‌ಗಳು, ಮುಷ್ಕರ ಬೇಕೋ ಬೇಡವೋ ಅಂತ ಓಟು ಹಾಕಿದರು. ಬೇಕು ಅಂದವರು 1,555, ಬೇಡ ಅಂದವರು 1,055. ರಾಷ್ಟ್ರೀಯ ನಾಯಕರಿಗೆ ಇದು ಇಷ್ಟವಿರಲಿಲ್ಲ. ಕಾನೂನೂ ಒಪ್ಪುತ್ತಿರಲಿಲ್ಲ. ಆದರೂ ಮರುದಿನ ಕೆಲಸ ನಿಂತಿತು. ಮೋ ಬಿಲ್ಲರ್ ಮುಂದಾಳತ್ವದ ಮ್ಯಾನ್‌ಹಟನ್-ಬ್ರಾಂಕ್ಸ್ ಪೋಸ್ಟಲ್ ಯೂನಿಯನ್‌ನ ಗುಮಾಸ್ತರೂ ಜೊತೆಗೂಡಿದರು. ಕೆಲವೇ ದಿನಗಳಲ್ಲಿ ದೇಶದಾದ್ಯಂತ ಸುಮಾರು 2 ಲಕ್ಷ ಜನ ಕೆಲಸ ಬಿಟ್ಟರು. ಮಾರ್ಚ್ 23ಕ್ಕೆ ಅಧ್ಯಕ್ಷ ನಿಕ್ಸನ್ ರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿ, ನ್ಯೂಯಾರ್ಕ್‌ನ ಅಂಚೆ ಕಚೇರಿಗಳಿಗೆ ಸೈನಿಕರನ್ನು ಕಳಿಸಿದರು. ಬಂದೂಕು ಹಿಡಿಯುವ ಹುಡುಗರಿಗೆ ಯಾವ ಬೀದಿ ಯಾವ ಗೂಡಿಗೆ ಹೋಗಬೇಕು ಅನ್ನುವುದು ಎಲ್ಲಿ ಗೊತ್ತು? ಟಪಾಲು ವಿಂಗಡಣೆ ನೋಡಲು ಸುಲಭ, ಮಾಡಲು ಅಲ್ಲ.

ಮುಷ್ಕರ 8 ದಿನ ನಡೆಯಿತು. ಕಾನೂನು ಮುರಿದಿದ್ದರೂ ಒಬ್ಬರೂ ಕೆಲಸ ಕಳೆದುಕೊಳ್ಳಲಿಲ್ಲ. ನೂರಕ್ಕೆ 6 ಮತ್ತು ಅದರ ಮೇಲೆ ನೂರಕ್ಕೆ 8 ಸಂಬಳ ಏರಿತು. ಕೊನೆಯ ಮೆಟ್ಟಿಲು ಹತ್ತುವ ಅವಧಿ 21 ವರ್ಷದಿಂದ 8ಕ್ಕೆ ಇಳಿಯಿತು. ಆಗಸ್ಟ್ 12ರಂದು ಪೋಸ್ಟಲ್ ರೀಆರ್ಗನೈಸೇಷನ್ ಆಕ್ಟ್‌ಗೆ ಸಹಿ ಬಿತ್ತು. ಇಲಾಖೆ ಹೋಗಿ ಪೋಸ್ಟಲ್ ಸರ್ವಿಸ್ ಅನ್ನುವ ಸಂಸ್ಥೆ ಬಂತು, ಸಂಬಳದ ಬಗ್ಗೆ ಚೌಕಾಸಿ ಮಾಡುವ ಹಕ್ಕೂ ಬಂತು. ಮುಷ್ಕರದ ಹಕ್ಕು ಮಾತ್ರ ಬರಲಿಲ್ಲ.

ಆ ದಿನಗಳಲ್ಲಿ ಬ್ರಾಂಚ್ 36ರಲ್ಲಿ ಯಾವ ಹುದ್ದೆಯೂ ಇಲ್ಲದ ಸಾಮಾನ್ಯ ಪೋಸ್ಟ್‌ಮ್ಯಾನ್ ಒಬ್ಬರಿದ್ದರು, ವಿನ್ಸೆಂಟ್ ಸೊಂಬ್ರೊಟ್ಟೊ. ಮುಷ್ಕರದಲ್ಲಿ ಮುಂದೆ ನಿಂತ ಅವರು ಮೊದಲು ಬ್ರಾಂಚ್ ಅಧ್ಯಕ್ಷರಾದರು, 1978ರಲ್ಲಿ ಎನ್‌ಎಎಲ್‌ಸಿಯ ರಾಷ್ಟ್ರೀಯ ಅಧ್ಯಕ್ಷರಾಗಿ ಆಯ್ಕೆಯಾದರು. ಬಿಲ್ಲರ್ ಕೂಡ 1980ರಲ್ಲಿ ಎಪಿಡಬ್ಲ್ಯುಯು ಅಧ್ಯಕ್ಷರಾದರು. ಲೋಕಲ್‌ಗಳನ್ನು ರಾಷ್ಟ್ರೀಯ ನಾಯಕರು ಇವತ್ತಿಗೂ ಹಗುರವಾಗಿ ತೆಗೆದುಕೊಳ್ಳದೇ ಇರುವುದಕ್ಕೆ ಈ ಇತಿಹಾಸ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಮೇಲೆ ನಡೆಯುವ ಮಾತುಕತೆಯ ದಾರಿ

ಮುಷ್ಕರ ಇಲ್ಲ ಅಂದಮೇಲೆ ಮಾತುಕತೆ ಮುರಿದು ಬಿದ್ದರೆ ಏನು ಗತಿ? 1970ರ ಕಾಯಿದೆ ಅದಕ್ಕೊಂದು ದಾರಿ ಹಾಕಿಕೊಟ್ಟಿದೆ. ಒಪ್ಪಂದದ ಅವಧಿ ಮುಗಿಯುವ 90 ದಿನ ಮುಂಚೆಯೇ ಬದಲಾವಣೆ ಬೇಕು ಅನ್ನುವವರು ನೋಟಿಸ್ ಕೊಡಬೇಕು. ಅವಧಿ ಮುಗಿದರೂ ಒಮ್ಮತ ಬರದಿದ್ದರೆ ಕೇಂದ್ರದ ಸಂಧಾನ ಸಂಸ್ಥೆ ಒಬ್ಬ ಸಂಧಾನಕಾರರನ್ನು ನೇಮಿಸುತ್ತದೆ. 60 ದಿನ ಕಳೆದರೂ ಆಗದಿದ್ದರೆ ಮೂವರ ಆರ್ಬಿಟ್ರೇಷನ್ ಮಂಡಳಿ. ಯೂನಿಯನ್ ಕಡೆಯಿಂದ ಒಬ್ಬರು, ಸಂಸ್ಥೆ ಕಡೆಯಿಂದ ಒಬ್ಬರು, ನಡುವೆ ಯಾರ ಕಡೆಗೂ ಸೇರದ ಅಧ್ಯಕ್ಷರು. ಅವರು ಕೊಟ್ಟ ತೀರ್ಪು ಇಬ್ಬರಿಗೂ ಅಂತಿಮ. ಸದಸ್ಯರ ಓಟಿಗೂ ಅದು ಬರುವುದಿಲ್ಲ.

ಕಾಗದದ ಮೇಲೆ ಇಷ್ಟು ಚುರುಕು. ನಿಜದಲ್ಲಿ ಇದು ಎಳೆದಾಡುತ್ತದೆ. ಎನ್‌ಎಎಲ್‌ಸಿಯ ಒಪ್ಪಂದ 2023ರ ಮೇ 20ಕ್ಕೆ ಮುಗಿಯಿತು. ಮುಂದಿನದು ಕೈಗೆ ಬಂದಿದ್ದು 2025ರ ಮಾರ್ಚ್‌ನಲ್ಲಿ.

ಇಲ್ಲಿ ಹೊಸಬರಿಗೆ ಒಂದು ಗಾಬರಿ ಆಗುತ್ತದೆ: ಅವಧಿ ಮುಗಿದ ಮೇಲೆ ನಮ್ಮ ಗತಿ ಏನು, ರಜೆ ಹೋಯ್ತಾ, ಕೆಲಸದ ಭದ್ರತೆ ಹೋಯ್ತಾ ಅಂತ. ಏನೂ ಹೋಗುವುದಿಲ್ಲ. ಹೊಸದು ಬರುವವರೆಗೆ ಹಳೆಯ ನಿಯಮಗಳೇ ನಡೆಯುತ್ತವೆ. ಮಾತುಕತೆಯ ತಿಂಗಳುಗಳಲ್ಲಿ ಲೋಕಲ್ ಅಧ್ಯಕ್ಷರು ಈ ಒಂದು ಮಾತನ್ನು ಹೇಳಿ ಹೇಳಿ ಸುಸ್ತಾಗಿರುತ್ತಾರೆ.

ಸಂಬಳದ ಲೆಕ್ಕದಲ್ಲೂ ಒಂದು ಸೂಕ್ಷ್ಮ ಇದೆ. ಸುದ್ದಿಯಲ್ಲಿ ಬರುವುದು ಶೇಕಡಾವಾರು ಏರಿಕೆ ಮಾತ್ರ. ಅದರ ಜೊತೆಗೆ ಬೆಲೆ ಏರಿಕೆಗೆ ತಕ್ಕಂತೆ ಸಿಗುವ ತುಟ್ಟಿಭತ್ಯೆ ಇರುತ್ತದೆ. ಅದರ ಸೂತ್ರ ಹೀಗಿದೆ: ಗ್ರಾಹಕ ಬೆಲೆ ಸೂಚ್ಯಂಕ 0.4 ಅಂಶ ಏರಿದ ಪ್ರತಿ ಸಲ ಗಂಟೆಗೆ 1 ಸೆಂಟ್. ಸೂಚ್ಯಂಕ 8 ಅಂಶ ಏರಿತು ಅಂದುಕೊಳ್ಳಿ. ಗಂಟೆಗೆ 20 ಸೆಂಟ್ ಆಯಿತು. ವರ್ಷಕ್ಕೆ 2,080 ಗಂಟೆ ದುಡಿಯುವವರಿಗೆ ಅದು 416 ಡಾಲರ್. ಸಂಬಳದ ಶೇಕಡಾವಾರು ಅಲ್ಲದೆ ಗಂಟೆಗೆ ಇಷ್ಟು ಸೆಂಟ್ ಅಂತ ಇರುವುದರಿಂದ ಕಡಿಮೆ ಸಂಬಳದವರಿಗೆ ಇದು ಹೆಚ್ಚು ಭಾರ ಎತ್ತಿಕೊಡುತ್ತದೆ. ಆದರೆ ಇದು ಕಾಯಂ ನೌಕರರಿಗೆ ಮಾತ್ರ. ಗುಮಾಸ್ತರಲ್ಲಿ 2011ರಿಂದ, ನಗರದ ಪೋಸ್ಟ್‌ಮ್ಯಾನ್‌ಗಳಲ್ಲಿ 2013ರಿಂದ ಬಂದ ಕಾಯಂ ಅಲ್ಲದ ಹೊಸ ದರ್ಜೆಯವರಿಗೆ ಈ ಭತ್ಯೆ ಇಲ್ಲ. ಒಂದೇ ಕೆಲಸ, ಎರಡು ಸಂಬಳ. ಲೋಕಲ್ ಸಭೆಗಳಲ್ಲಿ ಜಾಸ್ತಿ ಕಾವು ಏರುವುದು ಇಂಥ ವಿಷಯಕ್ಕೇ. ಹಿರಿಯರಿಗೆ ಭತ್ಯೆ ಮುಖ್ಯ, ಹೊಸಬರಿಗೆ ಬೇಗ ಕಾಯಂ ಆಗುವುದು ಮುಖ್ಯ. ಇಬ್ಬರೂ ಒಂದೇ ಯೂನಿಯನ್ನಿಗೆ ಚಂದಾ ಕೊಡುವವರು.

ಓಟು ಅನ್ನುವ ಹತೋಟಿ

ಮಾತುಕತೆಯ ಕೋಣೆಯೊಳಗೆ ಲೋಕಲ್‌ಗೆ ಕುರ್ಚಿ ಇಲ್ಲ. ಆದರೆ ಕೋಣೆಗೆ ಹೋಗುವ ಬೇಡಿಕೆಪಟ್ಟಿ ಅದರ ಕೈ ದಾಟಿ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ರಾಷ್ಟ್ರೀಯ ಸಮ್ಮೇಳನಕ್ಕೆ ಲೋಕಲ್‌ಗಳು ನಿರ್ಣಯ ಬರೆದು ಕಳಿಸುತ್ತವೆ. ಅಲ್ಲಿ ಪಾಸಾದದ್ದು ನಾಯಕರ ಬೇಡಿಕೆಯಾಗುತ್ತದೆ. ಎಪಿಡಬ್ಲ್ಯುಯುನಲ್ಲಿ ಇನ್ನೂ ಒಂದು ತಡೆ ಇದೆ. ಒಪ್ಪಂದದ ಕರಡು ಬಂದರೆ ಮೊದಲು ಸಾಮಾನ್ಯ ಸದಸ್ಯರಿಂದ ಕೂಡಿದ ಸಲಹಾ ಸಮಿತಿಯ ಮುಂದೆ ಇಡಬೇಕು. ಅವರು ಒಪ್ಪಿದರೆ ಮಾತ್ರ ಎಲ್ಲರ ಓಟಿಗೆ ಹೋಗುತ್ತದೆ.

ಕರಡು ಹೊರಬಿದ್ದ ವಾರಗಳೇ ಲೋಕಲ್‌ಗೆ ಪುರುಸೊತ್ತಿಲ್ಲದ ಕಾಲ. ಓಟಿನ ಚೀಟಿ ಸದಸ್ಯರ ಮನೆಗೆ ಅಂಚೆಯಲ್ಲೇ ಬರುತ್ತದೆ, ಅಂಚೆಯಲ್ಲೇ ವಾಪಸ್ ಹೋಗಬೇಕು. ಊಟದ ಬಿಡುವಿನಲ್ಲಿ ಕೇಳುವ ಪ್ರಶ್ನೆಗಳು ನೂರೆಂಟು. ಹಿಂಬಾಕಿ ಯಾವಾಗ ಬರುತ್ತೆ? ಆರೋಗ್ಯ ವಿಮೆಗೆ ನಮ್ಮ ಪಾಲು ಏರುತ್ತಾ? ಬೇಡ ಅಂದರೆ ಮುಂದೇನು? ಕೊನೆಯ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಬೇಡ ಅಂದರೆ ವಿಷಯ ಆರ್ಬಿಟ್ರೇಷನ್ ಕಡೆಗೆ ತಿರುಗುತ್ತದೆ. ಅಲ್ಲಿ ಹೆಚ್ಚು ಸಿಗಲೂಬಹುದು, ಕೈಲಿದ್ದದ್ದು ಹೋಗಲೂಬಹುದು.

2025ರಲ್ಲಿ ಇದು ಕಣ್ಣೆದುರೇ ನಡೆಯಿತು. ಎನ್‌ಎಎಲ್‌ಸಿ ನಾಯಕರು ತಂದ ಕರಡಿನಲ್ಲಿ ವರ್ಷಕ್ಕೆ ನೂರಕ್ಕೆ 1.3ರ ಏರಿಕೆ ಇತ್ತು. ಒಂದೂವರೆ ವರ್ಷ ಕಾದು ಇಷ್ಟೇನಾ ಅಂತ ಪೋಸ್ಟ್‌ಮ್ಯಾನ್‌ಗಳು ಸಿಡಿದರು. ಕೆಲವು ಬ್ರಾಂಚ್‌ಗಳು ಬಹಿರಂಗವಾಗಿಯೇ ಬೇಡ ಅಂದವು. ಜನವರಿ ಕೊನೆಗೆ ಎಣಿಕೆ ಮುಗಿದಾಗ ಬೇಕು ಅಂದವರು 26,304, ಬೇಡ ಅಂದವರು 63,680. ಸದಸ್ಯರು ಒಂದು ಕರಡನ್ನು ಹೀಗೆ ತಿರಸ್ಕರಿಸಿದ್ದು 1978ರ ನಂತರ ಇದೇ ಮೊದಲು. ವಿಷಯ ಆರ್ಬಿಟ್ರೇಟರ್ ಡೆನಿಸ್ ನೋಲನ್ ಮುಂದೆ ಹೋಯಿತು. ಮಾರ್ಚ್‌ನಲ್ಲಿ ಬಂದ ತೀರ್ಪಿನಲ್ಲಿ ಏರಿಕೆ 1.3, 1.4, 1.5. ಇಷ್ಟಕ್ಕಾಗಿ ಇಷ್ಟು ಗದ್ದಲವಾ ಅಂತ ಕೇಳುವವರಿದ್ದಾರೆ. ಶೇಕಡಾವಾರು ಲೆಕ್ಕ ಮಾತ್ರ ನೋಡಿದರೆ ಅವರ ಮಾತು ಸರಿಯೇ. ಆದರೆ ಮುಂದಿನ ಸಲ ಕರಡಿಗೆ ಸಹಿ ಹಾಕುವ ನಾಯಕರ ತಲೆಯಲ್ಲಿ ಆ 63,680 ಅನ್ನುವ ಸಂಖ್ಯೆ ಇದ್ದೇ ಇರುತ್ತದೆ.

1978ರ ಕತೆಯೂ ಹೀಗೇ ಇತ್ತು, ಆದರೆ ಫಲ ದೊಡ್ಡದು. ಆ ವರ್ಷದ ಕರಡಿನಲ್ಲಿ ತುಟ್ಟಿಭತ್ಯೆಗೆ ಮಿತಿ ಹಾಕಿದ್ದರು. ಸದಸ್ಯರು ಒಪ್ಪಲಿಲ್ಲ. ಜರ್ಸಿ ಸಿಟಿಯ ದೊಡ್ಡ ಟಪಾಲು ಕೇಂದ್ರದಲ್ಲಿ ಕೆಲವರು ತಾವಾಗಿಯೇ ಕೆಲಸ ನಿಲ್ಲಿಸಿದರು. ಈ ಸಲ ಸರ್ಕಾರ ಸುಮ್ಮನಿರಲಿಲ್ಲ, ನೂರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಕೊನೆಗೆ ಜೇಮ್ಸ್ ಹೀಲಿ ಕೊಟ್ಟ ತೀರ್ಪು ಭತ್ಯೆಯ ಮಿತಿಯನ್ನು ತೆಗೆಯಿತು. ಜೊತೆಗೆ 1978ರ ಸೆಪ್ಟೆಂಬರ್ 15ರಂದು ಕೆಲಸದಲ್ಲಿದ್ದವರನ್ನು ಜೀವಮಾನವಿಡೀ ಹೆಚ್ಚುವರಿ ಅಂತ ತೆಗೆದುಹಾಕುವಂತಿಲ್ಲ, ಆಮೇಲೆ ಸೇರಿದವರಿಗೆ 6 ವರ್ಷದ ಸೇವೆಯ ಬಳಿಕ ಅದೇ ರಕ್ಷಣೆ ಅಂತ ಬರೆಯಿತು. ಆ ಸಾಲು ಇವತ್ತಿನ ಒಪ್ಪಂದದಲ್ಲೂ ಇದೆ.

ಸ್ಟೀವರ್ಡ್‌ನ ಫೈಲು

ರಾಷ್ಟ್ರೀಯ ಒಪ್ಪಂದ ಒಂದು ದಪ್ಪ ಪುಸ್ತಕ. ಅದನ್ನು ಯಾರೂ ಜಾರಿಗೆ ತರದಿದ್ದರೆ ಕಪಾಟಿನಲ್ಲಿ ಇಡಬಹುದು, ಅಷ್ಟೇ. ಜಾರಿಗೆ ತರುವವರು ಸ್ಟೀವರ್ಡ್‌ಗಳು, ಅವರ ಸಾಧನ ಗ್ರೀವೆನ್ಸ್, ಅಂದರೆ ಒಪ್ಪಂದ ಮುರಿದಾಗ ಎತ್ತುವ ತಕರಾರು.

ಒಂದು ಉದಾಹರಣೆ ನೋಡೋಣ. ನೂರು ಅಥವಾ ಅದಕ್ಕಿಂತ ಹೆಚ್ಚು ಯೂನಿಯನ್ ವ್ಯಾಪ್ತಿಯ ನೌಕರರಿರುವ ಕಚೇರಿಯಲ್ಲಿ ಸೂಪರ್‌ವೈಸರ್ ಗುಮಾಸ್ತರ ಕೆಲಸ ಮಾಡುವಂತಿಲ್ಲ ಅಂತ ಒಪ್ಪಂದ ಹೇಳುತ್ತದೆ. ತುರ್ತು ಪರಿಸ್ಥಿತಿ, ತರಬೇತಿ, ಸುರಕ್ಷತೆ ಇಂಥ ಕೆಲವೇ ವಿನಾಯಿತಿಗಳಿವೆ. ಒಂದು ಸೋಮವಾರ ಟಪಾಲು ರಾಶಿ ಬಿದ್ದಿದೆ. ಓವರ್‌ಟೈಮ್ ಕೊಡುವ ಬದಲು ಸೂಪರ್‌ವೈಸರ್ ತಾನೇ ನಿಂತು ಎರಡು ಗಂಟೆ ಪಾರ್ಸೆಲ್ ವಿಂಗಡಿಸಿದ. ಒಳ್ಳೆಯ ಮನುಷ್ಯ, ಸಹಾಯ ಮಾಡಿದ ಅಂತ ಹೊರಗಿನವರಿಗೆ ಅನಿಸುತ್ತದೆ. ಸ್ಟೀವರ್ಡ್ ಕಣ್ಣಿಗೆ ಅದು ಓವರ್‌ಟೈಮ್ ಪಟ್ಟಿಯಲ್ಲಿ ಹೆಸರು ಕೊಟ್ಟ ಒಬ್ಬ ಗುಮಾಸ್ತೆಯ ಎರಡು ಗಂಟೆಯ ದುಡಿಮೆ.

ವಿಷಯ ಗೊತ್ತಾದ 14 ದಿನದೊಳಗೆ ಸೂಪರ್‌ವೈಸರ್ ಜೊತೆ ಮಾತಾಡಬೇಕು. ಇದು ಮೊದಲ ಹಂತ. ಇತ್ಯರ್ಥವಾಗದಿದ್ದರೆ ಬರಹದಲ್ಲಿ ಎರಡನೆಯ ಹಂತ, ನಂತರ ಮೂರನೆಯದು, ಕೊನೆಗೆ ಆರ್ಬಿಟ್ರೇಟರ್. ಸ್ಟೀವರ್ಡ್ ಹಾಜರಿ ದಾಖಲೆ ಕೇಳಿ ಪಡೆಯುತ್ತಾನೆ, ನೋಡಿದವರ ಹೇಳಿಕೆ ಬರೆಸಿಕೊಳ್ಳುತ್ತಾನೆ. ಈ ಕೆಲಸಕ್ಕೆ ಕೆಲಸದ ಸಮಯದಲ್ಲೇ ಬಿಡುವು ಕೊಡಬೇಕು, ಅದೂ ಒಪ್ಪಂದದಲ್ಲಿದೆ. 14 ದಿನ ದಾಟಿತೋ, ಎಷ್ಟೇ ನ್ಯಾಯವಾದ ಕೇಸಾದರೂ ಬಿದ್ದುಹೋಗುವ ಸಾಧ್ಯತೆಯೇ ಹೆಚ್ಚು. ಗೆದ್ದರೆ ಆ ಗುಮಾಸ್ತೆಗೆ ಎರಡು ಗಂಟೆಯ ಓವರ್‌ಟೈಮ್ ಹಣ. ಮೊತ್ತ ಸಣ್ಣದು, ಆದರೆ ಮುಂದಿನ ಸೋಮವಾರ ಸೂಪರ್‌ವೈಸರ್ ಪಾರ್ಸೆಲ್ ಮುಟ್ಟುವ ಮುಂಚೆ ಯೋಚಿಸುತ್ತಾನೆ.

ಇಂಥ ಫೈಲುಗಳು ಮಾತುಕತೆಗೂ ಒದಗುತ್ತವೆ. ಒಂದೇ ಬಗೆಯ ತಕರಾರು ನೂರಾರು ಊರಿಂದ ಬಂದರೆ ಆ ನಿಯಮದ ಭಾಷೆ ಸಡಿಲವಾಗಿದೆ ಅಂತ ಅರ್ಥ. ರಾಷ್ಟ್ರೀಯ ನಾಯಕರು ಅದನ್ನು ಬಿಗಿ ಮಾಡಲು ಮೇಜಿನ ಮೇಲೆ ಇಡಬಹುದು.

ಊರಿನ ಮಾತುಕತೆ: 22 ವಿಷಯ

ಮೇಲಿನ ಒಪ್ಪಂದ ಮುಗಿದ ಮೇಲೆ ಕೆಳಗಿನದು ಶುರು. ಒಪ್ಪಂದದ 30ನೇ ವಿಧಿ ಪ್ರಕಾರ ಪ್ರತಿ ಲೋಕಲ್ ತನ್ನ ಊರಿನ ಪೋಸ್ಟ್‌ಮಾಸ್ಟರ್ ಜೊತೆ ಕೂತು ಒಂದು ಸ್ಥಳೀಯ ಒಡಂಬಡಿಕೆ ಮಾಡಿಕೊಳ್ಳಬಹುದು. ಅದಕ್ಕೆ 30 ದಿನದ ಅವಕಾಶ. ಏನೇನು ಮಾತಾಡಬಹುದು ಅಂತಲೂ ಪಟ್ಟಿ ಇದೆ, ಒಟ್ಟು 22 ವಿಷಯ. ಕೈ ತೊಳೆಯಲು ಎಷ್ಟು ಹೊತ್ತು. ವಾರದ ರಜೆ ನಿಗದಿತ ದಿನವೋ, ಸರದಿಯೋ. ಹಿಮಪಾತದಂಥ ತುರ್ತಿನಲ್ಲಿ ಕೆಲಸ ನಿಲ್ಲಿಸುವುದು ಹೇಗೆ. ಹಬ್ಬದ ರಜೆಯ ದಿನ ಯಾರನ್ನು ಕೆಲಸಕ್ಕೆ ಕರೆಯಬೇಕು. ಓವರ್‌ಟೈಮ್ ಪಟ್ಟಿ ವಿಭಾಗವಾರೋ, ಪಾಳಿವಾರೋ. ಗಾಯಗೊಂಡವರಿಗೆ ಎಷ್ಟು ಹಗುರ ಕೆಲಸ ಮೀಸಲು. ಪಾರ್ಕಿಂಗ್ ಜಾಗ ಯಾರಿಗೆ.

ಓದಿದರೆ ನಗು ಬರಬಹುದು. ಕೈ ತೊಳೆಯುವುದಕ್ಕೂ ಒಪ್ಪಂದವಾ? ದಿನವಿಡೀ ಟಪಾಲು ಮೂಟೆ, ಟ್ರೇ, ಶಾಯಿ, ಕಾಗದದ ಧೂಳು ಮುಟ್ಟಿದವರಿಗೆ ಕೇಳಿ ನೋಡಿ. ಊಟದ ಅರ್ಧ ಗಂಟೆಯಲ್ಲಿ ಐದು ನಿಮಿಷ ಕೈ ತೊಳೆಯಲು ಹೋದರೆ ಊಟಕ್ಕೆ ಉಳಿಯುವುದು ಇಪ್ಪತ್ತೈದು. ಆ ಐದು ನಿಮಿಷ ಸಂಸ್ಥೆಯ ಗಡಿಯಾರದಲ್ಲೋ, ನೌಕರನ ಗಡಿಯಾರದಲ್ಲೋ ಅನ್ನುವುದೇ ಪ್ರಶ್ನೆ.

ಆದರೆ ನಿಜವಾದ ಕುಸ್ತಿ ರಜೆಯ ಮೇಲೆ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಸೇವಾವಧಿ ನೋಡಿ ವರ್ಷಕ್ಕೆ 13, 20 ಅಥವಾ 26 ದಿನ ಗಳಿಕೆ ರಜೆ ಸಿಗುತ್ತದೆ. ಎಲ್ಲರೂ ರಜೆ ಕೇಳುವ ಬೇಸಿಗೆಯಂಥ ತಿಂಗಳುಗಳನ್ನು ಆಯ್ಕೆಯ ಅವಧಿ ಅಂತ ಗುರುತಿಸುತ್ತಾರೆ. 13 ದಿನ ಗಳಿಸುವವರು ಆ ಅವಧಿಯಲ್ಲಿ 10 ದಿನದವರೆಗೆ, ಉಳಿದವರು 15 ದಿನದವರೆಗೆ ಒಟ್ಟಿಗೆ ರಜೆ ತೆಗೆದುಕೊಳ್ಳಬಹುದು ಅಂತ ರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಆದರೆ ಆ ಅವಧಿ ಎಷ್ಟು ವಾರ, ವಾರಕ್ಕೆ ಎಷ್ಟು ಜನರಿಗೆ ರಜೆ ಅನ್ನುವುದು ಊರಿನ ಒಡಂಬಡಿಕೆಗೆ ಬಿಟ್ಟ ಮಾತು.

ನೂರು ಗುಮಾಸ್ತರ ಒಂದು ಕಚೇರಿ ಅಂದುಕೊಳ್ಳಿ. ಎಲ್ಲರೂ ಮೂರು ವಾರಕ್ಕೆ ಅರ್ಹರು. ಅಂದರೆ 300 ವಾರಗಳ ರಜೆ ಬೇಕು. ಆಯ್ಕೆಯ ಅವಧಿ 20 ವಾರ. ವಾರಕ್ಕೆ 10 ಜನ ಅಂತ ಮ್ಯಾನೇಜ್‌ಮೆಂಟ್ ಹೇಳಿದರೆ ಸಿಗುವುದು 200 ವಾರ. ಸೀನಿಯಾರಿಟಿ ಪ್ರಕಾರ ಪಟ್ಟಿ ಸುತ್ತುತ್ತಾ ಬಂದು, ಕೊನೆಯಲ್ಲಿರುವವರ ಕೈ ಸೇರುವ ಹೊತ್ತಿಗೆ ಮಕ್ಕಳ ಶಾಲೆಯ ರಜೆಯ ವಾರಗಳೆಲ್ಲ ಖಾಲಿ. ವಾರಕ್ಕೆ 14 ಅಂದರೆ 280. ಪೂರ್ತಿ 300 ಬೇಕೆಂದರೆ ವಾರಕ್ಕೆ 15 ಜನ, ಅಥವಾ 10 ಜನರಂತೆ ಅವಧಿಯನ್ನೇ 30 ವಾರಕ್ಕೆ ಎಳೆಯಬೇಕು. ಮೂರು ವಾರ ಕೊಡುತ್ತೇವೆ ಅಂತ ದೊಡ್ಡ ಒಪ್ಪಂದದಲ್ಲಿ ಬರೆದು, ಊರಿನ ಲೆಕ್ಕದಲ್ಲಿ ಎರಡೇ ವಾರ ಬರುವ ಹಾಗೆ ಮಾಡಿದರೆ ಆ ಮಾತಿಗೆ ಅರ್ಥ ಏನು ಅಂತ ಲೋಕಲ್ ಕೇಳುತ್ತದೆ. ಅಷ್ಟು ಜನ ಒಟ್ಟಿಗೆ ಹೋದರೆ ಟಪಾಲು ಯಾರು ವಿಂಗಡಿಸುತ್ತಾರೆ ಅಂತ ಪೋಸ್ಟ್‌ಮಾಸ್ಟರ್ ಕೇಳುತ್ತಾರೆ. ಎರಡೂ ಪ್ರಶ್ನೆಯಲ್ಲಿ ಹುರುಳಿದೆ.

ಸಂಖ್ಯೆಗೆ ಒಪ್ಪಿದ ಮೇಲೂ ಜಗಳ ಮುಗಿಯುವುದಿಲ್ಲ. ಶೇಕಡಾ 14 ಅಂತ ಬರೆದರು, ವಿಭಾಗದಲ್ಲಿ 12 ಜನ ಇದ್ದಾರೆ. ಲೆಕ್ಕ 1.68 ಬರುತ್ತದೆ. ಒಬ್ಬರಿಗೋ, ಇಬ್ಬರಿಗೋ? ತಿಂಗಳುಗಟ್ಟಲೆ ಸಿಕ್ ಲೀವ್‌ನಲ್ಲಿರುವವರು ಆ ವಾರದ ಕೋಟಾದಲ್ಲಿ ಸೇರುತ್ತಾರಾ? ಯೂನಿಯನ್ ಸಮ್ಮೇಳನಕ್ಕೆ ಹೋದವರು? ಯಾರಾದರೂ ರಜೆ ರದ್ದು ಮಾಡಿದರೆ ಆ ವಾರವನ್ನು ಮತ್ತೆ ನೋಟಿಸ್ ಬೋರ್ಡಿಗೆ ಹಾಕುತ್ತಾರಾ? ಚೆನ್ನಾಗಿ ಬರೆದ ಒಡಂಬಡಿಕೆಯಲ್ಲಿ ಇದಕ್ಕೆಲ್ಲ ಒಂದೊಂದು ಸಾಲು ಇರುತ್ತದೆ. ಗಡಿಬಿಡಿಯಲ್ಲಿ ಬರೆದದ್ದರಲ್ಲಿ ಇರುವುದಿಲ್ಲ, ಮುಂದಿನ ಮೂರು ವರ್ಷ ಗ್ರೀವೆನ್ಸ್ ಬರೆಯುವುದೇ ಕೆಲಸ.

ಇನ್ನೊಂದು ವಿಷಯ ನೋಡಲು ಬರೀ ಕಾಗದದ ಮಾತು, ಆದರೆ ಕಚ್ಚುವುದು ಜೋರು. ಕೆಲಸ ಕಡಿಮೆಯಾಗಿ ಒಂದು ವಿಭಾಗದಿಂದ ಜನರನ್ನು ಬೇರೆಡೆಗೆ ಹಾಕಬೇಕಾದಾಗ ವಿಭಾಗ ಅಂದರೆ ಎಲ್ಲಿಂದ ಎಲ್ಲಿಯವರೆಗೆ? ಕೌಂಟರ್ ಒಂದೇ ಒಂದು ವಿಭಾಗ ಅಂತ ಬರೆದಿದ್ದರೆ ಅಲ್ಲಿನ ಕಿರಿಯರು ಹೋಗಬೇಕು, ಅವರಿಗೆ ಹತ್ತು ವರ್ಷ ಸೇವೆಯಾಗಿದ್ದರೂ. ಇಡೀ ಕಟ್ಟಡ ಒಂದೇ ವಿಭಾಗ ಅಂತಿದ್ದರೆ ಹಿಂದಿನ ತಿಂಗಳು ಸೇರಿದವರು ಹೋಗುತ್ತಾರೆ. ಒಂದು ಸಾಲಿನ ವ್ಯಾಖ್ಯಾನ ಯಾರ ಪಾಳಿ ರಾತ್ರಿಗೆ ಬೀಳುತ್ತದೆ ಅನ್ನುವುದನ್ನು ತೀರ್ಮಾನಿಸುತ್ತದೆ. ಕೆಲಸ ಚೆನ್ನಾಗಿ ನಡೆಯುವಾಗ ಈ ಸಾಲಿನ ಮೇಲೆ ಯಾರಿಗೂ ಆಸಕ್ತಿ ಇರುವುದಿಲ್ಲ. ಅನುಭವಿ ಅಧ್ಯಕ್ಷರು ಮೊದಲು ತೆರೆದು ನೋಡುವುದು ಇದನ್ನೇ.

30 ದಿನದಲ್ಲಿ ಒಮ್ಮತ ಬರದ ವಿಷಯಗಳು ಮೇಲಿನ ಹಂತಕ್ಕೆ, ಅಲ್ಲಿಂದ ಆರ್ಬಿಟ್ರೇಟರ್ ಹತ್ತಿರ ಹೋಗಬಹುದು. ಅಲ್ಲಿ ಒಂದು ನಿಯಮ ಲೋಕಲ್ ಪರವಾಗಿದೆ. ಈಗಾಗಲೇ ಇರುವ ಒಂದು ಅಂಶವನ್ನು ತೆಗೆಯಬೇಕು ಅಂತ ಮ್ಯಾನೇಜ್‌ಮೆಂಟ್ ಬಯಸಿದರೆ, ಅದು ತನಗೆ ಅತಿಯಾದ ಹೊರೆ ಅಂತ ಪುರಾವೆ ಸಮೇತ ತೋರಿಸಬೇಕು. ಕಷ್ಟ ಆಗುತ್ತಿದೆ ಅಂದರೆ ಸಾಲದು. ಎಷ್ಟು ಟಪಾಲು ತಡವಾಯಿತು, ಎಷ್ಟು ಓವರ್‌ಟೈಮ್ ಬಿತ್ತು ಅಂತ ದಾಖಲೆ ಬೇಕು. ಹೊಸ ಅಂಶ ಸೇರಿಸಬೇಕು ಅಂತ ಯೂನಿಯನ್ ಹೋದರೆ ಆ ಭಾರ ಯೂನಿಯನ್ ಮೇಲೆ. ಹಾಗಾಗಿ ಹಿಂದೆ ಯಾರೋ ಗಿಟ್ಟಿಸಿಕೊಟ್ಟ ಹಳೆಯ ಸಾಲುಗಳನ್ನು ಲೋಕಲ್‌ಗಳು ಜೋಪಾನವಾಗಿ ಕಾಯುತ್ತವೆ. ಮಾತುಕತೆಗೆ ಕೂತಾಗ ಅವರ ಮೊದಲ ತೀರ್ಮಾನ ಏನು ಕೇಳಬೇಕು ಅನ್ನುವುದಲ್ಲ, ಯಾವುದನ್ನು ಮುಟ್ಟಲು ಬಿಡಬಾರದು ಅನ್ನುವುದು.

ಕೆಲವು ಲೋಕಲ್‌ಗಳು ಬೇಕೆಂದೇ ಬಾಯಿ ತೆರೆಯುವುದಿಲ್ಲ. 30 ದಿನ ಮುಗಿಯುವವರೆಗೆ ಎರಡೂ ಕಡೆಯವರು ಸುಮ್ಮನಿದ್ದರೆ ಹಳೆಯ ಒಡಂಬಡಿಕೆಯೇ ಮುಂದುವರಿಯುತ್ತದೆ. ರಾಷ್ಟ್ರೀಯ ಒಪ್ಪಂದಕ್ಕೆ ಎದುರಾಗಿ ಏನೂ ಇಲ್ಲದಿದ್ದರೆ ಸಾಕು, ಹೊಸ ಸಹಿಯೂ ಬೇಡ.